ಹಿರಿಯಾಕೆ ಮತ್ತು ನಾನು ಪಾಠ ಮಾಡುವ ಕಾದಂಬರಿಗಳು

ನಾನು ಎರಡನೇ ಸಂಬಂಧಕ್ಕೆ ಬಂದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ನ್ಯಾಮತಿಯಲ್ಲಿ ಬೇರೆ ಯಾರಾದರೂ ಹೇಳೇ ಹೇಳುತ್ತಾರೆ. ಮದುವೆಯ ದಿನ ನನ್ನ ಕೊರಳಿಗೆ ತಾಳಿಯ ಜೊತೆಗೆ ಒಂದು ಬೆಳ್ಳಿಯ ಬಿಲ್ಲೆಯನ್ನೂ ಕಟ್ಟಿದರು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಅದರ ಮೇಲೆ ಸೀರೆಯುಟ್ಟ ಹೆಂಗಸಿನ ಉಬ್ಬು ಚಿತ್ರ. ಸತ್ತ ಮೊದಲ ಹೆಂಡತಿ ಅದು. ನಮ್ಮ ಕಡೆ ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬಂದವಳು ಹೋದವಳನ್ನು ಹೀಗೆ ಕೊರಳಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅವಳು ಸುಮ್ಮನಿರುವುದಿಲ್ಲವಂತೆ. ಹೊಸ ಸೀರೆ ತಂದರೆ ಮೊದಲು ಅವಳ ಬಿಲ್ಲೆಗೆ ಮುಟ್ಟಿಸಿ ಆಮೇಲೆ ನಾನು ಉಡಬೇಕು. ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಿರಿಯಾಕೆ ಎನ್ನುತ್ತಾರೆ. ಅವಳು ಸತ್ತಾಗ ಅವಳಿಗಿದ್ದ ವಯಸ್ಸಿಗಿಂತ ನಾನು ಮದುವೆಯಾಗಿ ಬಂದಾಗ ನನ್ನ ವಯಸ್ಸೇ ಹೆಚ್ಚು. ಆದರೂ ಅವಳೇ ಹಿರಿಯಾಕೆ.

ನನ್ನ ತವರು ಚನ್ನಗಿರಿ. ಇಂಗ್ಲಿಷ್ ಎಂ.ಎ. ಮಾಡಿ, ಇವಳ ಮದುವೆಯ ವಯಸ್ಸು ಮೀರಿತು ಎಂದು ಬಂಧುಬಳಗವೆಲ್ಲ ಸೇರಿ ತೀರ್ಮಾನಿಸಿದ ಮೇಲೆ ಈ ಮನೆಗೆ ಬಂದೆ. ಗಂಡನದು ಮೆಕ್ಕೆಜೋಳ, ಅಡಿಕೆ ಕೊಂಡು ಮಾರುವ ಅಂಗಡಿ. ಮನೆಯಲ್ಲಿ ಅತ್ತೆ, ಮತ್ತು ಹಿರಿಯಾಕೆ ಬಿಟ್ಟುಹೋದ ಪುಟ್ಟ ಮಗಳು. ಆ ಮಗು ಮೊದಲ ದಿನವೇ ನನ್ನ ಸೊಂಟಕ್ಕೆ ತೆಕ್ಕೆಬಿದ್ದು ಚಿಕ್ಕವ್ವ ಎಂದಿತು. ಈ ಮನೆಯಲ್ಲಿ ನನಗೆ ಬೇಕು ಅನ್ನಿಸಿದ್ದು ಅದೊಂದೇ. ಇವತ್ತಿಗೂ ಅದೊಂದೇ.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೊನ್ನಾಳಿಗೆ ಹೋಗಿ ಅಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕಿ. ನನ್ನ ಪಾಲಿಗೆ ಬಂದ ಪತ್ರಿಕೆಯಲ್ಲಿ ಗಾಥಿಕ್ ಕಥೆಗಳು ಎಂಬ ಭಾಗವಿದೆ. ಹುಡುಗರು ಅದನ್ನು ದೆವ್ವದ ಪಾಠ ಎನ್ನುತ್ತಾರೆ, ಪ್ರಿನ್ಸಿಪಾಲರೂ ಹಾಗೇ ಎನ್ನುತ್ತಾರೆ. ಹಳೆಯ ಗಾಥಿಕ್‌ನ ಸಾಮಾನು ಎಲ್ಲರಿಗೂ ಗೊತ್ತು. ಕೋಟೆಯಂಥ ಮನೆ, ಬೀಗ ಹಾಕಿದ ಕೋಣೆ, ಒಳಗೊಬ್ಬಳು ಹುಚ್ಚಿ. ಹೆಣದ ತುಂಡುಗಳನ್ನು ಹೊಲಿದು ಜೀವ ಕೊಡಲು ಹೋಗುವ ಗಂಡಸು. ರಕ್ತ ಕುಡಿಯುವ ದೊರೆ. ಸತ್ತ ಮೊದಲ ಹೆಂಡತಿಯ ನೆರಳಿಗೆ ನಡುಗುವ ಎರಡನೇ ಹೆಂಡತಿ. ಹಳೆಯವನ್ನು ಓದಿಸುವಾಗ ನಾನು ಹೊಸವನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಪ್ರೀತಿ ಇರುವುದು ಹೊಸವುಗಳ ಮೇಲೆ. ಈಗ ಬರೆಯುವವರು, ಅದರಲ್ಲೂ ಹೆಂಗಸರು, ಅದೇ ಮನೆಗೆ ಮತ್ತೆ ಹೋಗುತ್ತಾರೆ, ಆದರೆ ಕೈಯಲ್ಲಿ ಟಾರ್ಚು ಹಿಡಿದು ಹೋಗುತ್ತಾರೆ. ಬೀಗ ಹಾಕಿದವನು ಹೇಳಿದ ಕಥೆಯನ್ನು ಬೀಗದ ಒಳಗಿದ್ದವಳು ತಾನೇ ಹೇಳುತ್ತಾಳೆ. ಪ್ರಯೋಗಾಲಯದಲ್ಲಿ ಈಗ ಹೆಂಗಸು ನಿಂತಿರುತ್ತಾಳೆ. ಮೇಜಿನಿಂದ ಎದ್ದು ಕೂತ ದೇಹವೂ ಹೆಂಗಸಿನದೇ. ನನ್ನನ್ನು ಕೇಳದೆ ಯಾಕೆ ಮಾಡಿದಿರಿ ಎಂದು ಅದು ಜಗಳ ತೆಗೆಯುತ್ತದೆ. ರಕ್ತದ ದಾಹ ಒಂದು ಕಾಯಿಲೆಯಾಗುತ್ತದೆ, ಮನೆಮಂದಿಗೆಲ್ಲ ಕಾಣುವ ನೆರಳಿಗೆ ಕಾರಣ ಬಾವಿಯ ನೀರಿನಲ್ಲಿ ಸಿಗುತ್ತದೆ. ಎರಡನೇ ಹೆಂಡತಿ ಮೊದಲಿನವಳಿಗೆ ಹೆದರುವುದನ್ನು ಬಿಟ್ಟು, ಅವಳು ಯಾವುದರಿಂದ ಸತ್ತಳು ಎಂದು ವಿಚಾರಿಸುತ್ತಾಳೆ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆಯುವಾಗ ಬೆಳ್ಳಿ ಬಿಲ್ಲೆ ನನ್ನ ರವಿಕೆಯೊಳಗೆ ಬೆವರಿಗೆ ಅಂಟಿಕೊಂಡಿರುತ್ತಿತ್ತು. ನನಗೆ ನಗು ಬರುತ್ತಿತ್ತು. ಆಮೇಲೆ ನಗು ಬರುವುದು ನಿಂತುಹೋಯಿತು.

ಈ ಕಾದಂಬರಿಗಳ ಮೇಲೆ ನನ್ನದೊಂದು ತಕರಾರಿದೆ. ಸತ್ತ ಹೆಂಡತಿಗೆ ಬಾಯಿ ಕೊಟ್ಟೆವು ಎಂದು ಅವು ಬಹಳ ಬೀಗುತ್ತವೆ. ಬಾಯಿ ಕೊಟ್ಟರೆ ನ್ಯಾಯ ಸಿಕ್ಕಿತು ಎಂದುಕೊಳ್ಳುತ್ತವೆ. ನಮ್ಮ ಮನೆಗೆ ಬಂದು ನೋಡಲಿ. ನಮ್ಮ ಹಿರಿಯಾಕೆ ಒಂದು ವರ್ಷವೂ ಬಾಯಿ ಮುಚ್ಚಿಕೊಂಡಿದ್ದವಳಲ್ಲ.

ದೀಪಾವಳಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಪೂಜೆ. ಕಲಶ ಇಟ್ಟು, ಹೊಸ ಹಸಿರು ಸೀರೆ ಮಡಚಿಟ್ಟು, ಬಳೆ, ಹೂವು, ಹೋಳಿಗೆಯ ಎಡೆ ಇಡುತ್ತಾರೆ. ಮಗಳಿಗೆ ಹತ್ತೋ ಹನ್ನೊಂದೋ ಇದ್ದಾಗಿನ ಹಬ್ಬ. ಅತ್ತೆ ಆರತಿ ಎತ್ತಿದ್ದರು. ಹೊರಗೆ ಬೀದಿಯಲ್ಲಿ ಯಾರೋ ದೊಡ್ಡ ಪಟಾಕಿ ಹಚ್ಚಿದರು. ಎಡೆಯ ಮುಂದೆ ಕೈಮುಗಿದು ನಿಂತಿದ್ದ ಹುಡುಗಿ ನಿಂತಲ್ಲೇ ಕುಸಿದಳು. ಕಣ್ಣು ಮೇಲಾಯಿತು, ಕೈಕಾಲು ಸೆಟೆದವು. ನಾನು ಕೂಗಿಕೊಂಡು ಓಡಿದೆ. ಅತ್ತೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಮುಟ್ಟಬ್ಯಾಡ. ಆಕೆ ಬಂದಾಳೆ."

ಆಮೇಲೆ ಆರತಿ ತಟ್ಟೆ ಕೆಳಗಿಟ್ಟು, ಅರಿಶಿನದ ನೀರು ಚಿಮುಕಿಸಿ, ಸೊಸೆಯೊಂದಿಗೆ ಮಾತಾಡುವಂತೆ ಮಾತಾಡಿದರು. "ಏನವ್ವಾ, ಏನು ಬೇಕು? ಸೀರಿ ಹಿಡಿಸಲಿಲ್ಲೇನು? ಮಗಳನ್ನ ನೋಡಾಕೆ ಬಂದೆಯಾ?" ಸ್ವಲ್ಪ ಹೊತ್ತಿಗೆ ಹುಡುಗಿಗೆ ಎಚ್ಚರವಾಯಿತು. ತುಟಿ ಒಣಗಿ "ನೀರು" ಎಂದಳು. ಹಿರಿಯಾಕೆ ನೀರು ಕೇಳಿದಳೆಂದು ಎಡೆಯ ಮುಂದೆ ಒಂದು ತಂಬಿಗೆ ನೀರಿಟ್ಟ ಮೇಲೆಯೇ ಅವಳಿಗೆ ಕುಡಿಯಲು ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ದೀಪಾವಳಿಯೂ ಹಿರಿಯಾಕೆ ಬಂದಳು. ಬರದೆ ಏನು ಮಾಡುತ್ತಾಳೆ, ಪಟಾಕಿ ಹಚ್ಚುವವರು ಬೀದಿಯ ತುಂಬ ಇದ್ದರು. ಆ ದಿನ ಹುಡುಗಿಗೆ ಮನೆಯಲ್ಲಿ ದೇವರ ಮರ್ಯಾದೆ. ಅಜ್ಜಿ ಅವಳ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ಅಪ್ಪ, ವರ್ಷವಿಡೀ ಮಗಳ ಮುಖ ಸರಿಯಾಗಿ ನೋಡದವರು, ಅವತ್ತು ಪಕ್ಕದಲ್ಲಿ ಕೂತು ಅವಳ ಅಂಗೈ ತಿಕ್ಕುತ್ತಾ "ನನ್ನ ಮೇಲೆ ಸಿಟ್ಟೇನು?" ಎಂದು ಕೇಳುತ್ತಿದ್ದರು. ಸೀರೆ ಹಿಡಿಸಿತೋ ಇಲ್ಲವೋ, ಹೋಳಿಗೆಗೆ ಬೆಲ್ಲ ಸಾಕಾಯಿತೋ ಇಲ್ಲವೋ, ಎಲ್ಲವನ್ನೂ ಕೇಳಿದರು. ನೀನು ಹೆಂಗೆ ಸತ್ತೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನಾನು ಮನೆಯಲ್ಲಿ ಕೇಳಿದೆ. ಅತ್ತೆ "ಗಾಳಿ ಸೋಕಿತ್ತು" ಎಂದರು. ಗಂಡ "ಆಯಸ್ಸು ಅಷ್ಟೇ ಇತ್ತು" ಎಂದು ಅಂಗಡಿಗೆ ಹೊರಟರು. ಊರಿನ ಡಾಕ್ಟರಿಗೆ ಹುಡುಗಿಯನ್ನು ತೋರಿಸಿದರೆ ರಕ್ತ ಕಡಿಮೆ ಎಂದು ಟಾನಿಕ್ ಬರೆದು, ದೊಡ್ಡವಳಾಗಿ ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದರು. ಹೆಣ್ಣಿನ ಯಾವ ಕಾಯಿಲೆಗೂ ನಮ್ಮಲ್ಲಿ ಇದು ಕೊನೆಯ ಔಷಧಿ. ನಾನು ಓದಿಸುವ ಹಳೆಯ ಕಾದಂಬರಿಗಳ ವೈದ್ಯರೂ ಇದನ್ನೇ ಬರೆದುಕೊಡುತ್ತಿದ್ದರು.

ಅವಳು ಹಬ್ಬ ಬಿಟ್ಟು ಬೇರೆ ದಿನ ಬಿದ್ದಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿನಲ್ಲಿ. ಓದಲು ಏಳಬೇಕೆಂದು ನಸುಕಿಗೆ ಅಲಾರಂ ಇಟ್ಟುಕೊಂಡಿದ್ದಳು. ಅದು ಕಿವಿಯ ಬಳಿ ಹೊಡೆದುಕೊಂಡ ತಕ್ಷಣ ಎದ್ದು ಕೂತವಳು ಹಾಗೇ ಹಿಂದಕ್ಕೆ ಬಿದ್ದಳು. ಆಮೇಲೊಮ್ಮೆ ಅಡುಗೆಮನೆಯಲ್ಲಿ ಸ್ಟೀಲ್ ಕೊಡ ಕೈಜಾರಿ ಬಿದ್ದಾಗ ಬಿದ್ದಳು. ಆಗ ನನಗೆ ಹೊಳೆಯಿತು. ಹಿರಿಯಾಕೆ ಹೋಳಿಗೆಗೆ ಬರುತ್ತಿರಲಿಲ್ಲ, ಸದ್ದಿಗೆ ಬರುತ್ತಿದ್ದಳು.

ಅತ್ತು ಕರೆದು, ಉಪವಾಸ ಕೂತು, ತವರಿಗೆ ಹೋಗುತ್ತೇನೆಂದು ಹೆದರಿಸಿ ಕೊನೆಗೆ ದಾವಣಗೆರೆಗೆ ಕರೆದುಕೊಂಡು ಹೋಗುವಂತೆ ಮಾಡಿದೆ. ಹೃದಯದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿ ನನಗೆ ಜೀವ ಬಂದಂತಾಯಿತು. ನನ್ನ ಕಾದಂಬರಿಗಳಲ್ಲಿ ವಿಜ್ಞಾನ ತಿಳಿದ ಹೆಂಗಸು ಬಾಗಿಲಲ್ಲಿ ಕಾಣಿಸಿಕೊಂಡರೆ ಕಥೆ ಅರ್ಧ ಗೆದ್ದ ಹಾಗೆ. ಆಕೆ ಮಗಳ ಇಸಿಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನನ್ನು ಕೇಳಿದರು. "ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?"

"ಇಲ್ಲ ಮೇಡಂ," ಎಂದರು ನಮ್ಮನೆಯವರು. "ಅಂಥದ್ದೇನೂ ಇಲ್ಲ."

"ತಾಯಿ ಕಡೆ?"

"ಇಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ತಾಯಿ ಅಲ್ಲವಾ? ಇದು ತಾಯಿಯಿಂದಲೂ ಬರುತ್ತೆ. ನಿಮ್ಮದೂ ಒಂದು ಇಸಿಜಿ ತೆಗೆದುಬಿಡೋಣ."

ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಇನ್ನೊಂದು ಗಳಿಗೆ ನಾನು ಸುಮ್ಮನಿದ್ದಿದ್ದರೆ ನನ್ನ ಎದೆಗೆ ವೈರು ಅಂಟಿಸಿ, ತಾಯಿಯ ಹೃದಯ ಚೆನ್ನಾಗಿದೆ ಎಂದು ಬರೆದು, ಹುಡುಗಿಯನ್ನು ಮನೆಗೆ ಕಳಿಸುತ್ತಿದ್ದರೇನೋ. ಒಳಗೆ ಹೋಗುವ ಮುಂಚೆ ಸರ ತೆಗೆಯಿರಿ ಎಂದಳು ನರ್ಸ್. ತೆಗೆದೆ. ಬೆಳ್ಳಿ ಬಿಲ್ಲೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ.

"ಇವಳು ಈ ಮಗುವಿನ ತಾಯಿ," ಎಂದೆ. "ಕೂಸಿಗೆ ಮೂರು ತಿಂಗಳಿದ್ದಾಗ ಸತ್ತಿದ್ದಾಳೆ. ಹೆಂಗೆ ಅಂತ ನನಗೆ ಯಾರೂ ಹೇಳಿಲ್ಲ."

ಡಾಕ್ಟರು ಅದನ್ನು ಯಾವುದೋ ದೇವರ ಬಿಲ್ಲೆ ಎಂದುಕೊಂಡಿದ್ದರು, ಕೈಗೆತ್ತಿಕೊಂಡವರು ಹಾಗೇ ಕೆಳಗಿಟ್ಟರು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದ ಮೇಲೆ ಗಂಡ ಹಲ್ಲು ಕಚ್ಚಿ "ಎಲ್ಲಾನೂ ಡಾಕ್ಟರಿಗೆ ಹೇಳಬೇಕಾ? ನಾಳೆ ಈ ಹುಡುಗಿ ಮದುವಿ ಮಾಡೋದು ಬ್ಯಾಡವಾ?" ಎಂದರು. ಅವರು ಕೆಟ್ಟವರಲ್ಲ. ಇದನ್ನು ಬಹಳ ಸಲ ಹೇಳಿಕೊಂಡಿದ್ದೇನೆ, ಹೇಳಿಕೊಂಡಷ್ಟೂ ಸಿಟ್ಟು ಹೆಚ್ಚಾಗುತ್ತದೆ. ಕೋಟೆಯ ದೊರೆಯಂತೆ ಕ್ರೂರಿಯಾಗಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು.

ಹೃದಯದ ಬಡಿತಕ್ಕೆ ಬೇಕಾದ ವಿದ್ಯುತ್ತು ಸರಿಯಾಗಿ ಹರಿಯದ ಕಾಯಿಲೆ ಅದು, ಹುಟ್ಟಿನಿಂದ ಬಂದದ್ದು. ಗಟ್ಟಿ ಸದ್ದು, ಗಾಬರಿ ಆದರೆ ಬಡಿತ ತಪ್ಪುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಅಪಾಯ ಜಾಸ್ತಿ. ದಿನಾ ತಪ್ಪದೆ ಗುಳಿಗೆ ತೆಗೆದುಕೊಂಡರೆ ಬಹುಪಾಲು ಜನ ಆರಾಮಾಗಿ ಬದುಕುತ್ತಾರೆ, ಬಿಟ್ಟರೆ ಒಂದು ದಿನ ಬಿದ್ದವಳು ಏಳದಿರಬಹುದು. ತಾಯಿಯ ತವರಿನವರನ್ನೂ ವಿಚಾರಿಸಿ, ಅವರಿಗೂ ಪರೀಕ್ಷೆ ಮಾಡಿಸಬೇಕು ಎಂದರು ಡಾಕ್ಟರು.

ಹಿರಿಯಾಕೆಯ ತವರು ಜಗಳೂರು. ಎರಡನೇ ಹೆಂಡತಿಯನ್ನು ಮೊದಲ ಹೆಂಡತಿಯ ತವರಿನವರು ಮಗಳೆಂದೇ ಕಾಣುವುದು ನಮ್ಮ ಪದ್ಧತಿ. ಸತ್ತ ಮಗಳ ಜಾಗದಲ್ಲಿ ಬಂದವಳಿಗೆ ಉಡಿ ತುಂಬುತ್ತಾರೆ. ನಾನು ಹೋದಾಗ ಆ ತಾಯಿ ಅಂಗಳದಲ್ಲಿ ಶೇಂಗಾ ಒಣಹಾಕಿ ಕುರಿ ಕಾಯುವಂತೆ ಕಾಯುತ್ತಾ ಕೂತಿದ್ದರು. "ಬಾ ಮಗಳೇ" ಎಂದು ಎದ್ದರು. ನನ್ನನ್ನು ಸತ್ತವಳ ಹೆಸರಿನಿಂದಲೇ ಕರೆದರು. ಅವಳಿಗೆ ಇಷ್ಟ ಎಂದು ಶೇಂಗಾ ಚಟ್ನಿ, ರೊಟ್ಟಿ ಬಡಿಸಿದರು. ಉಂಡು ಕೈತೊಳೆದ ಮೇಲೆ ನಾನು ಕೇಳಿದೆ. ಮಗಳು ಸಣ್ಣವಳಿದ್ದಾಗ ಹೀಗೆ ಬೀಳುತ್ತಿದ್ದಳಾ?

ಆ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು. "ಬೀಳ್ತಿದ್ಲು. ಹಲಗಿ ಬಡಿದ್ರೆ ಬೀಳ್ತಿದ್ಲು, ಗುಡುಗು ಹೊಡೆದ್ರೆ ಬೀಳ್ತಿದ್ಲು. ಗಂಡಿನ ಕಡೆಯೋರಿಗೆ ಹೇಳಲಿಲ್ಲ. ಹೇಳಿದ್ರೆ ಯಾರು ಮಾಡ್ಕೊಂತಿದ್ರು ಹೇಳು."

"ನಮ್ಮತ್ತೆಗೆ ಗೊತ್ತಿರಲಿಲ್ಲವಾ?"

"ಮದುವಿ ಆದ ವರ್ಷನೇ ಗೊತ್ತಾತು. ನಿನ್ನ ಗಂಡನಿಗೂ ಗೊತ್ತೈತೆ. ಊರಿಗೆ ಗೊತ್ತಾಗಬಾರದು ಅಂತ ಎಲ್ಲಾರೂ ಸುಮ್ಮನಾದ್ವಿ. ಕೂಸಿಗೆ ಹಾಲು ಕೊಡ್ತಾ ಕೂತಿದ್ಲಂತೆ. ಬೀದಿಯಾಗೆ ಅಂಗಡಿ ಶಟರ್ ದಢಾರ್ ಅಂತ ಎಳೆದ್ರಂತೆ. ಕೂತಲ್ಲೇ ಒರಗಿದ್ಲು."

ಹಿರಿಯಾಕೆಗೆ ತಂಗಿಯೊಬ್ಬಳಿದ್ದಾಳೆ, ಆಕೆಗೂ ಹೆಣ್ಣುಮಕ್ಕಳಿದ್ದಾರೆ, ಅವರಿಗೆಲ್ಲ ಪರೀಕ್ಷೆ ಮಾಡಿಸಿ ಎಂದೆ. ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ಬ್ಯಾಡವ್ವಾ. ಅವಳ ಸಂಸಾರ ನೆಟ್ಟಗೆ ನಡೀತೈತೆ. ನಿನ್ನ ಕಾಲಿಗೆ ಬೀಳ್ತೀನಿ, ಹೋಗಿ ಕೆದಕಬ್ಯಾಡ." ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ರವಿಕೆ ಬಟ್ಟೆ ತುಂಬಿ ಕಳಿಸಿದರು. ಮನೆಗೆ ಬಂದ ಮೇಲೆ ಆ ತಂಗಿಗೆ ಫೋನ್ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಸವತಿಯ ಮಾತು ನಂಬುವಷ್ಟು ದಡ್ಡಿ ನಾನಲ್ಲ ಎಂದು ಫೋನಿಟ್ಟಳು. ಡಾಕ್ಟರ ಚೀಟಿಯ ಫೋಟೋ ಕಳಿಸಿದೆ. ಅದನ್ನು ನೋಡಿದ್ದಾಳೆ, ಉತ್ತರವಿಲ್ಲ.

ಜಗಳೂರಿನಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅಳುತ್ತಾ ಬಂದೆ. ಸಿಟ್ಟಿನ ಅಳು ಅದು. ನಾನು ವರ್ಷವರ್ಷವೂ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಗುಟ್ಟಿಗೆ ಒಂದು ಕೋಣೆ, ಕೋಣೆಗೆ ಒಂದು ಬೀಗ, ಬೀಗಕ್ಕೆ ಒಬ್ಬ ಯಜಮಾನ ಇರುತ್ತಾನೆ. ಹೊಸ ಕಾಲದ ಹೆಂಗಸು ಬೀಗ ಒಡೆದರೆ ಸಾಕು, ಬೆಳಕು ಬೀಳುತ್ತದೆ. ಇಲ್ಲಿ ಬೀಗವೇ ಇರಲಿಲ್ಲ. ಅತ್ತೆಗೆ ಗೊತ್ತು, ಗಂಡನಿಗೆ ಗೊತ್ತು, ಹೆತ್ತವಳಿಗೆ ಗೊತ್ತು. ಎಲ್ಲರೂ ಅವಳನ್ನು ಪ್ರೀತಿಸಿದವರೇ. ಅವಳನ್ನು ಬದುಕಿಸಬಹುದಾದ ಒಂದು ಮಾತನ್ನು ಮರ್ಯಾದೆಯ ಹೆಸರಿನಲ್ಲಿ ನುಂಗಿಕೊಂಡು, ಸತ್ತ ಮೇಲೆ ಅವಳಿಗೆ ಹಸಿರು ಸೀರೆ ಉಡಿಸಿದರು. ಇಂಥ ಮನೆಯ ಮೇಲೆ ಗಾಥಿಕ್ ಬರೆಯುವುದು ಹೇಗೆಂದು ನನಗೆ ಇನ್ನೂ ಗೊತ್ತಿಲ್ಲ.

ಗುಳಿಗೆ ಶುರುವಾಯಿತು. ಅತ್ತೆಗೆ ರಕ್ತ ಹೆಚ್ಚಾಗುವ ಗುಳಿಗೆ ಎಂದು ಹೇಳಿದೆ, ಅವರು ನಂಬಿದಂತೆ ಮಾಡಿದರು. ಅಲಾರಂ ತೆಗೆಸಿದೆ. ಮಗಳು ಪಿಯುಸಿಗೆ ಸೈನ್ಸ್ ತೆಗೆದುಕೊಂಡಳು. ಅವಳ ಬಯಾಲಜಿ ಪುಸ್ತಕದಲ್ಲಿ ಹೃದಯದ ಚಿತ್ರವಿದೆ, ನಾಲ್ಕು ಕೋಣೆಗೂ ಅಂದವಾಗಿ ಬಣ್ಣ ತುಂಬಿದ್ದಾಳೆ. ಜೀವಕೋಶದ ಒಳಗೆ ಹೊರಗೆ ಉಪ್ಪು ಹೇಗೆ ಓಡಾಡುತ್ತದೆ, ಅದು ತಡವಾದರೆ ಏನಾಗುತ್ತದೆ ಎಂದು ನನಗೆ ಅವಳೇ ಪಾಠ ಹೇಳಿದಳು. ನನಗೆ ಹೆಮ್ಮೆಯಾಯಿತು. ನಾನು ಗೆದ್ದೆ ಎಂದುಕೊಂಡೆ.

ಆ ವರ್ಷದ ದೀಪಾವಳಿಗೆ ಎಡೆ ಇಟ್ಟಾಯಿತು, ಆರತಿಯಾಯಿತು. ಬೀದಿಯಲ್ಲಿ ಸರಪಟಾಕಿ ಹಚ್ಚಿ ಕಿವಿ ಕಿವುಡಾಗುವಂತೆ ಮಾಡಿದರು. ಹುಡುಗಿ ಕಣ್ಣು ಮುಚ್ಚಿ ನಿಂತಿದ್ದಳು. ಬೀಳಲಿಲ್ಲ. ಅತ್ತೆ ಕಾದರು. ಇನ್ನೊಮ್ಮೆ ಕರ್ಪೂರ ಹಚ್ಚಿ ಕಾದರು. ಕೊನೆಗೆ ನನ್ನ ಕಡೆ ತಿರುಗಿ "ಈ ವರ್ಷ ಆಕೆ ಬರಲಿಲ್ಲ" ಎಂದರು. ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸವತಿ ಬಾಗಿಲಲ್ಲಿ ಅಡ್ಡ ನಿಂತರೆ ಪಾಪ ಅವಳಾದರೂ ಹೇಗೆ ಬರಬೇಕು. ಗಂಡ ಎದ್ದು ಹೊರಗೆ ಹೋದರು. ಮಗಳ ಅಂಗೈ ಹಿಡಿದು ಕೂರುವ ಕೆಲಸ ಆ ಸಲ ಅವರಿಗೆ ಇರಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವಳು ಮತ್ತೆ ಬಿದ್ದಳು. ಪಕ್ಕದ ಮನೆಯ ಹುಡುಗರು ಬಲೂನು ಒಡೆದಿದ್ದರು, ಅಷ್ಟೇ. ಈ ಸಲ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ತುಟಿ ನೀಲಿಯಾಗಿತ್ತು. ದಾವಣಗೆರೆಗೆ ಕರೆದುಕೊಂಡು ಹೋಗಿ ವಾಪಸು ಬಂದ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಗುಳಿಗೆ ತಗೊಳ್ತಿದ್ದೀಯಾ?

"ಹಬ್ಬ ಆದಾಗಿಂದ ಇಲ್ಲ," ಎಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ.

"ಯಾಕೆ? ಸೈನ್ಸ್ ಓದೋಳು ನೀನು. ನನಗಿಂತ ಚೆನ್ನಾಗಿ ಗೊತ್ತೈತೆ ನಿನಗೆ."

"ಗೊತ್ತೈತೆ ಚಿಕ್ಕವ್ವ. ಇಸಿಜಿ ನಾನೂ ನೋಡೀನಿ. ಅವ್ವಂದೂ ಇದೇ ಕಾಯಿಲಿ, ಅವ್ವ ಬರೋದೆಲ್ಲ ಸುಳ್ಳು. ಎಲ್ಲಾ ಗೊತ್ತೈತೆ." ಅವಳು ನನ್ನ ಕಡೆ ನೋಡಲಿಲ್ಲ. "ಆದ್ರೆ ಬಿದ್ದು ಎದ್ದಾಗ ಅಜ್ಜಿ, ಅಪ್ಪಾಜಿ ಎಲ್ಲಾ ನನ್ನನ್ನ ಅವ್ವ ಅಂದ್ಕೊಂಡು ಮಾತಾಡಿಸ್ತಿದ್ರಲ್ಲ. ಅಷ್ಟು ಹೊತ್ತು ಅವ್ವ ಇರ್ತಿದ್ಲು. ಅವ್ವನ ಒಂದು ಫೋಟೋನೂ ಇಟ್ಟಿಲ್ಲ ಈ ಮನೇಲಿ. ಈಗ ನಿನ್ನ ಗುಳಿಗೆ ಆಕೆನ್ನ ಬರಗೊಡಂಗಿಲ್ಲ."

ಗಾಳಿ ಎಂದವರಿಗೆ ಉತ್ತರ ಕೊಡಬಲ್ಲೆ, ಇಸಿಜಿ ತೋರಿಸಬಲ್ಲೆ. ನಾನು ಮೆಚ್ಚಿದ ಕಾದಂಬರಿಗಳೆಲ್ಲ ಕಾಯಿಲೆಗೆ ಹೆಸರು ಸಿಕ್ಕ ಜಾಗದಲ್ಲಿ ಮುಗಿಯುತ್ತವೆ. ಹೆಸರು ಸಿಕ್ಕ ಮೇಲೆ ಈ ಹುಡುಗಿ ಏನು ಮಾಡಬೇಕು ಎಂದು ಅವುಗಳಲ್ಲಿ ಬರೆದಿಲ್ಲ. ಅವಳಿಗೆ ತಾಯಿ ಸಿಗುತ್ತಿದ್ದದ್ದು ಆ ಒಂದೇ ದಾರಿಯಲ್ಲಿ. ಅದನ್ನು ಮುಚ್ಚಿದವಳು ನಾನು, ಮುಚ್ಚದಿದ್ದರೆ ಇವಳೂ ಹೋಗುತ್ತಾಳೆ.

ಈಗ ನನ್ನ ಬೆಳಗಾಗುವುದು ಹೀಗೆ. ಹೊನ್ನಾಳಿ ಬಸ್ಸಿಗೆ ಹೊತ್ತಾಗುತ್ತಿದ್ದರೂ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಗುಳಿಗೆಯ ಡಬ್ಬಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಒಂದು ಗುಳಿಗೆ ತೆಗೆದು ಕೊಡುತ್ತೇನೆ, ಅವಳು ನುಂಗಬೇಕು, ನಾನು ನೋಡಬೇಕು. ನುಂಗಿದಂತೆ ಮಾಡಿ ಕೆನ್ನೆಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುವುದನ್ನು ಕಂಡಿದ್ದೇನೆ. ಹಾಗಾಗಿ ಬಾಯಿ ತೆಗೆಸುತ್ತೇನೆ. ಅವಳಿಗೆ ಇದು ಎಷ್ಟು ಅವಮಾನ ಎಂದು ನನಗೆ ಗೊತ್ತು, ಹದಿನೇಳು ವರ್ಷದ ಹುಡುಗಿ ಅವಳು. ಅವಳ ಕಣ್ಣಲ್ಲಿ ನನ್ನ ಮೇಲಿರುವ ಸಿಟ್ಟನ್ನು ದಿನಾ ಅಷ್ಟು ಹತ್ತಿರದಿಂದ ನೋಡುತ್ತೇನೆ. ಸೊಂಟಕ್ಕೆ ತೆಕ್ಕೆಬೀಳುವುದು ಯಾವಾಗಲೋ ನಿಂತಿದೆ. ಹೆಂಗಸನ್ನು ಕೂಡಿಹಾಕಿದ ಕಥೆಗಳನ್ನು ಬೀಗದ ಕೈ ಹಿಡಿದು ಕಾವಲು ಕಾಯುವವಳ ಕಡೆಯಿಂದ ನಾನು ಕಾಲೇಜಿನಲ್ಲಿ ಒಂದು ಸಲವೂ ಓದಿಸಿಲ್ಲ.

ಮೊನ್ನೆ ಗುಳಿಗೆ ನುಂಗಿ ನೀರು ಕುಡಿದು ಲೋಟ ಕೆಳಗಿಟ್ಟಳು. ನಾನು ಬಾಯಿ ನೋಡಲು ಬಗ್ಗಿದೆ.

"ಚಿಕ್ಕವ್ವ," ಎಂದಳು. "ನೀನು ಸತ್ತ ಮೇಲೆ ನನ್ನ ಮೈಮೇಲೆ ಬರಬ್ಯಾಡ."

"ಬರಲ್ಲ," ಎಂದೆ. "ನಾಲಿಗೆ ಎತ್ತು."

ಎತ್ತಿದಳು.